ಹಲಸಿನ ಮರಕ್ಕೆ ಹೊಣೆ

ಈ ಸಲ ಹೊಣೆ ನಿಲ್ಲುವುದಿಲ್ಲ ಎಂದು ನಾನು ತೀರ್ಮಾನ ಮಾಡಿದ್ದು ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ, ಚೇಳೂರಿನ ಬಸ್ಸಿಗೆ ಕಾಯುತ್ತಾ ನಿಂತಾಗ. ೨೦೦೩ರ ಯುಗಾದಿಯ ಹಿಂದಿನ ದಿನ, ಅಮಾವಾಸ್ಯೆ. ಬೆಳಗ್ಗೆ ಒಂಬತ್ತೂವರೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಹಬ್ಬಕ್ಕೆ ಊರಿಗೆ ಹೊರಟವರು ಹೂವಿನ ಪೊಟ್ಟಣ, ಮಾವಿನ ಸೊಪ್ಪು, ಮಕ್ಕಳು ಎಲ್ಲವನ್ನೂ ಒಟ್ಟಿಗೆ ಎತ್ತಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನನ್ನ ಕೈಯಲ್ಲಿ ಒಂದು ಬಟ್ಟೆಯ ಚೀಲ. ಅದರಲ್ಲಿ ಅಣ್ಣನಿಗೆ ಅರ್ಧ ಕೆಜಿ ಖಾರಾಬೂಂದಿ, ಅತ್ತಿಗೆಗೆ ಒಂದು ಡಜನ್ ಬಳೆ. ನನಗೆ ನಲವತ್ತಾರು ವರ್ಷ, ಮತ್ತು ಸುಸ್ತಾಗಿತ್ತು. ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಹೋಗುವಂಥ ಸುಸ್ತಲ್ಲ. ಅಂಥದ್ದಾಗಿದ್ದರೆ ಎಂದೋ ಮಲಗಿ ಕಳೆದುಕೊಳ್ಳುತ್ತಿದ್ದೆ.

ಹೊಣೆ ಎಂದರೆ ಬ್ಯಾಂಕಿನ ಜಾಮೀನು ಎಂದುಕೊಳ್ಳಬೇಡಿ. ನಾನು ಹೊಣೆ ನಿಂತಿದ್ದು ಒಂದು ಹಲಸಿನ ಮರಕ್ಕೆ.

ಕಾಯಿ ಬಿಡದ ಮರವನ್ನು ಹೆದರಿಸುವ ಪದ್ಧತಿ ನಮ್ಮ ಮನೆಯಲ್ಲಿ ತಾತನ ಕಾಲದಿಂದ ಬಂದದ್ದು. ಯುಗಾದಿ ಅಮಾವಾಸ್ಯೆಯ ದಿನ ಮನೆಯ ಯಜಮಾನ ಕೊಡಲಿ ಹಿಡಿದು ಮರದ ಮುಂದೆ ನಿಂತು, ತಿಂದುಂಡು ದಂಡಕ್ಕೆ ನಿಂತಿದ್ದೀಯ, ಇವತ್ತು ಕಡಿಯುತ್ತೇನೆ, ಹೊಣೆ ಯಾರು ಎಂದು ಗದರುತ್ತಾನೆ. ಆಗ ಆ ಮನೆಯಿಂದ ಮದುವೆಯಾಗಿ ಹೋದ ಮಗಳು ಅಡ್ಡ ಬಂದು ಸೆರಗೊಡ್ಡಿ, ಬೇಡ, ಮುಂದಿನ ಯುಗಾದಿಗೆ ಕೊಡುತ್ತದೆ, ನಾನು ಹೊಣೆ ಎನ್ನಬೇಕು. ಹೀಗೆ ಮೂರು ಸಲ. ಮೂರನೆಯದಕ್ಕೆ ಯಜಮಾನ ಕೊಡಲಿ ತಿರುಗಿಸಿ, ಹಿಂಬದಿಯಿಂದ ಬುಡಕ್ಕೆ ಒಂದು ಕುಟ್ಟು ಕುಟ್ಟಿ ಬಿಡುತ್ತಾನೆ. ಮರಕ್ಕೆ ಭಯವೂ ಆಗಬೇಕು, ನಾಚಿಕೆಯೂ ಆಗಬೇಕು. ಮನೆಯಲ್ಲೇ ಇರುವವರ ಮಾತಿಗೆ ಮರ ಸೊಪ್ಪು ಹಾಕುವುದಿಲ್ಲವಂತೆ, ಅದಕ್ಕೇ ಹೊರಗೆ ಹೋದ ಮಗಳು ಬರಬೇಕು.

ಇದಕ್ಕೆ ಇನ್ನೆರಡು ಕಟ್ಟುಗಳಿವೆ. ಒಮ್ಮೆ ಹೊಣೆ ನಿಂತವಳು ಮರ ಕಾಯಿ ಬಿಡುವ ತನಕ ವರ್ಷವರ್ಷವೂ ಬರಲೇಬೇಕು. ಕಾಯಿ ಬಿಟ್ಟ ವರ್ಷ ಮೊದಲ ಹಣ್ಣು ಅವಳಿಗೆ, ಅಲ್ಲಿಗೆ ಹೊಣೆ ತೀರಿತು. ಎರಡನೆಯದು, ಮೂರು ಸಲ ಕೇಳಿದರೂ ಯಾರೂ ಹೊಣೆ ನಿಲ್ಲದಿದ್ದರೆ ಕೊಡಲಿ ಹಿಡಿದವನು ಕಡಿಯಲೇಬೇಕು. ಅಂದರೆ ನಾನು ಗುಬ್ಬಿಯಲ್ಲಿ ನಿಂತು ತೀರ್ಮಾನಿಸಿದ್ದು ಮರ ಬೀಳಲಿ ಎಂದು. ಗೊತ್ತಿದ್ದೇ ತೀರ್ಮಾನಿಸಿದ್ದೆ, ತಿಳಿಯದೆ ಅಲ್ಲ.

ಆ ಮರ ನನ್ನ ಮದುವೆಯ ವರ್ಷದ್ದು. ೧೯೭೯ರಲ್ಲಿ ಬೀಗರಿಗೆ ಹಂಚಿದ ಹಲಸಿನ ಹಣ್ಣಿನ ಬೀಜದಲ್ಲಿ ಮೂರನ್ನು ನಮ್ಮಪ್ಪ ಆಂಜನಪ್ಪ ಬಚ್ಚಲ ನೀರು ಹೋಗುವ ಕಡೆ ಹೂತಿದ್ದರು. ಒಂದು ಉಳಿಯಿತು. ಹತ್ತು ಹನ್ನೊಂದು ವರ್ಷವಾದರೂ ಕಾಯಿ ಕಾಣದಾಗ ಅಪ್ಪ ಕೊಡಲಿ ಹಿಡಿದರು, ನಾನು ಸೆರಗೊಡ್ಡಿದೆ. ಆಗ ನಗು ಬರುತ್ತಿತ್ತು. ಮೂರನೆಯ ಸಲ ಹೇಳುವಾಗ ಅಪ್ಪನಿಗೂ ನಗು ತಡೆಯಲಾಗದೆ, "ಮರದ ಮುಂದೆ ನಗಬೇಡ ಕಣೇ, ಸಲೀಸಾಗ್ಬುಡ್ತದೆ ಅದ್ಕೆ," ಎಂದು ಬೈದಿದ್ದರು. ಅಪ್ಪ ಹೋದ ಮೇಲೆ ಕೊಡಲಿ ಅಣ್ಣ ಗಂಗಹನುಮಯ್ಯನ ಕೈಗೆ ಬಂತು. ನಗು ಬರಲಿಲ್ಲ.

ನಗು ನಿಲ್ಲಲು ಕಾರಣವಿತ್ತು. ೧೯೯೬ರಲ್ಲಿ ಅಣ್ಣನ ಮಗಳು ಸುಮನಾಳ ಮದುವೆಯಾಯಿತು. ಅಣ್ಣ ತುಮಕೂರಿಗೆ ಬಂದು, ಮನೆಯೊಳಗೆ ಕೂತು, ಕುಂಕುಮವಿಟ್ಟು ಕರೆಯಬೇಕಾಗಿತ್ತು. ಬೀಗರ ಕಡೆಯ ಓಡಾಟದಲ್ಲಿ ಪುರುಸೊತ್ತಾಗದೆ ಲಗ್ನಪತ್ರಿಕೆಯನ್ನು ಪರಿಚಯದ ಬಸ್ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದ. ಕಂಡಕ್ಟರ್ ಅದನ್ನು ನನ್ನ ಗಂಡನ ಕೈಗೆ ಕೊಟ್ಟಿದ್ದು ರಸ್ತೆಯಲ್ಲಿ, ಅವರು ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದಾಗ. ನನ್ನ ಗಂಡ ಲಕ್ಷ್ಮೀನರಸಿಂಹಯ್ಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವರ ಲೆಕ್ಕದಲ್ಲಿ ತಪ್ಪು ತಪ್ಪೇ, ಅರ್ಧ ಮಾರ್ಕು ಕೊಡುವ ಅಭ್ಯಾಸ ಇಲ್ಲ. ಮದುವೆಗೆ ಹೋಗಲಿಲ್ಲ, ನನ್ನನ್ನೂ ಕಳಿಸಲಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ಅಣ್ಣ ಕಳಿಸಿದ ಬಾಗಿನ ನಮ್ಮ ಹೊಸ್ತಿಲು ದಾಟದೆ ಹಾಗೇ ವಾಪಸ್ ಹೋಯಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ತಡೆಯಬಹುದಿತ್ತು, ತಡೆಯಲಿಲ್ಲ.

ಹಬ್ಬ, ಹರಿದಿನ, ಮದುವೆ, ತಿಥಿ ಎಲ್ಲವೂ ನಿಂತವು. ಮರದ ಹೊಣೆ ಒಂದು ಮಾತ್ರ ನಿಲ್ಲಲಿಲ್ಲ, ಯಾಕೆಂದರೆ ನನ್ನ ಗಂಡ ಪಂಚಾಂಗ ನೋಡದೆ ಕ್ಷೌರಕ್ಕೂ ಹೋಗುವವರಲ್ಲ. ಅವರದು ಕುಣಿಗಲ್ ಕಡೆ, ಹುತ್ರಿದುರ್ಗದ ಹತ್ತಿರದ ಹಳ್ಳಿ. ಹೊಣೆ ಮುರಿದ ಹೆಂಗಸಿನ ಮನೆ ಏಳಿಗೆಯಾಗುವುದಿಲ್ಲ ಎಂದು ಅವರಜ್ಜಿ ಹೇಳುತ್ತಿದ್ದರಂತೆ. ಅಜ್ಜಿಯ ಮಾತಿಗೆ ಹೆದರಿ ವರ್ಷಕ್ಕೊಂದು ದಿನ, ಬೆಳಗ್ಗೆ ಹೋಗಿ ಸಂಜೆಯೊಳಗೆ ಬರುವ ಷರತ್ತಿನ ಮೇಲೆ, ನನ್ನನ್ನು ಬಿಡುತ್ತಿದ್ದರು. ಈ ಸಲ ಹೊರಡುವಾಗ, "ಅದೇನಿದ್ದರೂ ಒಂದು ಇತ್ಯರ್ಥ ಮಾಡ್ಕೊಂಡು ಬಾ. ಹದಿಮೂರು ವರ್ಷ ಆಯ್ತು. ಕೊಡೋ ಮರವಾಗಿದ್ರೆ ಕೊಡ್ತಿತ್ತು," ಎಂದಿದ್ದರು.

ನಿಜ ಹೇಳಬೇಕೆಂದರೆ, ಅವರ ಮಾತಿಗಾಗಿ ನಾನು ತೀರ್ಮಾನ ಮಾಡಿದ್ದಲ್ಲ. ನನಗೇ ಸಾಕಾಗಿತ್ತು. ನಾನು ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಕಿಟಕಿಯ ಆಚೆ ನಿಂತ ಜನಕ್ಕೆ, 'ಮುಂದಿನ ವಾರ ಬನ್ನಿ, ಸಾಹೇಬರು ಸಹಿ ಹಾಕ್ತಾರೆ' ಎನ್ನುವುದು ನನ್ನ ಕೆಲಸ. ಸಾಹೇಬರು ಹಾಕುವುದಿಲ್ಲ, ಜನ ನನ್ನ ಮುಖ ನೋಡುತ್ತಾರೆ. ಮನೆಗೆ ಬಂದರೆ ಮಗ ತಿಮ್ಮೇಶ್ ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಕೂತಿದ್ದಾನೆ. ಅವರಪ್ಪ ಬೆಲ್ಟ್ ಬಿಚ್ಚುವಷ್ಟರಲ್ಲಿ ನಾನು ಅಡ್ಡ ಬಂದು, 'ಮುಂದಿನ ಸಲ ಪಾಸಾಗ್ತಾನೆ ಬಿಡಿ' ಎನ್ನಬೇಕು. ಗಂಡನ ಸಿಟ್ಟಿಗೆ ಪಕ್ಕದ ಮನೆಯವರ ಮುಂದೆ ನಾನೇ ಸಮಾಧಾನ ಹೇಳಬೇಕು. ಅವರಿವರು ಮುಂದೆ ಸರಿಹೋಗುತ್ತಾರೆ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ಯಾರೂ ಸರಿಹೋಗಿರಲಿಲ್ಲ. ಈ ಪಟ್ಟಿಯಲ್ಲಿ ಒಂದು ಮರವೂ ಬೇಕಿತ್ತಾ?

ಮರ ಎಂದರೆ ಕಣ್ಣರಳಿಸಿ ಮಾತಾಡುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ನಮ್ಮ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಸಸಿ ನೆಡುತ್ತಾರೆ. ಸಾಹೇಬರು ಗುದ್ದಲಿ ಮುಟ್ಟುತ್ತಾರೆ, ಫೋಟೋ ತೆಗೆಯುತ್ತಾರೆ, ಮರವೇ ದೇವರು ಎಂದು ಭಾಷಣವಾಗುತ್ತದೆ, ವಾರದೊಳಗೆ ಆಡು ಮೇಯ್ದು ಹೋಗುತ್ತದೆ. ಅರಳಿಗೆ ದಾರ ಸುತ್ತುವವರೂ ಅಷ್ಟೇ, ಬೇವಿಗೆ ಅರಿಶಿನ ಬಳಿಯುವವರೂ ಅಷ್ಟೇ. ಎಲ್ಲರಿಗೂ ಮರದಿಂದ ಏನೋ ಆಗಬೇಕು. ಮರಕ್ಕೆ ಏನಾಗಬೇಕು ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಾನೂ ಕೇಳಿದವಳಲ್ಲ ಎನ್ನುವುದು ಆ ಬೆಳಗ್ಗೆ ನನ್ನ ತಲೆಗೆ ಬರಲಿಲ್ಲ.

ಚೇಳೂರಿನಲ್ಲಿ ಇಳಿದು ಎರಡು ಮೈಲಿ ನಡೆದೆ. ರಾಗಿ ಕೊಯ್ದ ಹೊಲಗಳಲ್ಲಿ ಕೂಳೆ ಬಿಟ್ಟರೆ ಏನೂ ಇರಲಿಲ್ಲ. ತೆಂಗಿನ ತೋಟದ ಬದಿಗೆ ಸ್ವಲ್ಪ ನೆರಳು ಸಿಕ್ಕಿತು. ಅಣ್ಣ ಅರ್ಧ ದಾರಿಗೆ ಬಂದು ಒಂದು ಕಲ್ಲಿನ ಮೇಲೆ ಕೂತಿದ್ದ. ಅವನಿಗೂ ಅರವತ್ತು ದಾಟುತ್ತಿದೆ. ನನ್ನನ್ನು ಕಂಡು ಏಳುವಾಗ ಮಂಡಿ ಹಿಡಿದುಕೊಂಡ.

"ಬಂದ್ಯಾ ಗೌರಿ? ಬಸ್ಸು ಲೇಟಾಯ್ತೇನೋ ಅಂದ್ಕೊಂಡೆ."

"ಯಾಕಣ್ಣ ಬಿಸಿಲಲ್ಲಿ ಕೂತಿದ್ದೀಯ? ನನಗೆ ದಾರಿ ಗೊತ್ತಿಲ್ವಾ?"

"ಗೊತ್ತೈತೆ ಬುಡು. ಸುಮ್ಕೆ ಬಂದೆ," ಎಂದು ನನ್ನ ಚೀಲ ಇಸಿದುಕೊಂಡ.

ಅತ್ತಿಗೆ ಪುಟ್ಟಗಂಗಮ್ಮ ಕಾಲಿಗೆ ನೀರು ಕೊಟ್ಟಳು. ಮುದ್ದೆ, ಹುರುಳಿಕಾಳಿನ ಸಾರು, ಒಂದು ಪಲ್ಯ. ಅಣ್ಣ ತಾನು ಉಣ್ಣುವುದು ಬಿಟ್ಟು ನನ್ನ ತಟ್ಟೆಯನ್ನೇ ನೋಡುತ್ತಾ ಇನ್ನೊಂದು ಮುದ್ದೆ ಹಾಕು, ತುಪ್ಪ ಹಾಕು ಎಂದು ಅತ್ತಿಗೆಗೆ ಹೇಳುತ್ತಿದ್ದ. ಅವನು ಹಾಗೆ ಮಾಡಿದಷ್ಟೂ ನನಗೆ ಕಸಿವಿಸಿ. ಇನ್ನೊಂದು ಗಂಟೆಯಲ್ಲಿ ನಾನು ಆಡಲಿರುವ ಮಾತು ಬೇರೆಯೇ ಇತ್ತು. ಊಟದ ಮೇಲೆ ಹೇಳಿಬಿಡೋಣ ಎಂದುಕೊಂಡೆ. ಹೇಳಲಿಲ್ಲ. ಹೇಳಿದರೆ ಅವನು ಕೇಳುತ್ತಾನೆ, ನಾನು ಕರಗುತ್ತೇನೆ, ಮತ್ತೆ ಮುಂದಿನ ವರ್ಷ. ನನ್ನ ಗುಣ ನನಗೆ ಗೊತ್ತು.

ಎರಡು ಗಂಟೆಗೆ ಹಿತ್ತಿಲಿಗೆ ಹೋದೆವು. ಅಣ್ಣ ಎಂದಿನಂತೆ ಮರದ ಬುಡದಿಂದ ಆಳೆತ್ತರಕ್ಕೆ ಕೆಮ್ಮಣ್ಣು ದಪ್ಪಗೆ ಮೆತ್ತಿ, ಅದರ ಮೇಲೆ ಸುಣ್ಣದ ಪಟ್ಟೆ ಎಳೆದಿದ್ದ. ಮರ ಹಬ್ಬಕ್ಕೆ ಹೊಸ ಬಟ್ಟೆ ಉಟ್ಟ ಹಾಗೆ ಕಾಣುತ್ತಿತ್ತು. ಅತ್ತಿಗೆ ಕುಂಕುಮದ ತಟ್ಟೆ ಹಿಡಿದು ನಿಂತಳು. ಅಣ್ಣ ಟವೆಲ್ ಸೊಂಟಕ್ಕೆ ಬಿಗಿದು ಕೊಡಲಿ ತೆಗೆದುಕೊಂಡ.

"ಏಯ್ ಮರವೇ," ಎಂದು ಶುರು ಮಾಡಿದ. "ಬಚ್ಚಲ ನೀರು ಕುಡ್ದೆ, ತಿಪ್ಪೆ ಗೊಬ್ಬರ ತಿಂದೆ. ಇಪ್ಪತ್ನಾಕು ವರ್ಷದಿಂದ ಈ ಮನೆಗೆ ಏನ್ ಕೊಟ್ಟಿದ್ದೀಯ? ನಾಚ್ಕೆ ಆಗಾಕಿಲ್ವಾ ನಿಂಗೆ? ಇವತ್ತು ಬುಡಾಕಿಲ್ಲ, ಕಡೀತೀನಿ. ಹೊಣೆ ಯಾರು?"

ನಾನು ಸೆರಗೊಡ್ಡಲಿಲ್ಲ. "ಕಡಿ ಅಣ್ಣ," ಎಂದೆ.

ಅಣ್ಣ ಎತ್ತಿದ ಕೊಡಲಿ ಹಾಗೇ ಹಿಡಿದು ನನ್ನನ್ನು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಬಿಸ್ಲಿಗೆ ತಲೆ ತಿರುಗ್ತಾ ಐತೆ ಕಣೇ ಇವ್ಳಿಗೆ. ಒಸಿ ಮಜ್ಜಿಗೆ ತಗಂಬಾ," ಎಂದ.

"ತಲೆ ನೆಟ್ಟಗಿದೆ. ಕಡಿ ಅಂದೆ."

ಅವನು ಕೊಡಲಿ ಕೆಳಗಿಳಿಸಿದ. ಎರಡನೆಯ ಸಲ ಕೇಳುವಾಗ ಗದರಿಕೆ ಇರಲಿಲ್ಲ. ಬಸ್ಸಿನಲ್ಲಿ ಪಕ್ಕದವರನ್ನು ಕೇಳುವ ಹಾಗೆ, "ಹೊಣೆ ಯಾರವ್ವ?" ಎಂದ.

"ಯಾರೂ ಇಲ್ಲ. ನನಗೆ ಸಾಕಾಗಿದೆಯಣ್ಣ. ಮುಂದಿನ ವರ್ಷ ಕೊಡುತ್ತೆ, ಮುಂದಿನ ವರ್ಷ ಕೊಡುತ್ತೆ, ಎಷ್ಟು ವರ್ಷ ಹೇಳ್ಲಿ? ಆಫೀಸಲ್ಲೂ ಅದೇ, ಮನೇಲೂ ಅದೇ. ಎಲ್ಲರ ಪರವಾಗಿ ಮಾತು ಕೊಟ್ಟು ಎಲ್ಲರ ಕೈಲೂ ಸುಳ್ಳಿ ಅನ್ನಿಸ್ಕೊಂಡಿದ್ದೀನಿ. ಕೊನೆಗೆ ಈ ಬಂಜೆ ಮರದ ಕೈಲೂ. ಇದು ಕೊಡೋದಿಲ್ಲ. ಕಡಿದು ಹಾಕು, ನನ್ನನ್ನು ಬಿಟ್ಟುಬಿಡು."

ಮೂರನೆಯ ಸಲ ಅವನು ಕೇಳಲಿಲ್ಲ. ಕೇಳು ಎಂದೆ. ಕೇಳಾಕಿಲ್ಲ ಎಂದ. ಮರದ ಮುಂದೆ ಮಾತು ತೆಗೆದ ಮೇಲೆ ಅರ್ಧಕ್ಕೆ ಬಿಡುವ ಹಾಗಿಲ್ಲ ಎಂದೆ. ಅವನು ತಲೆ ತಗ್ಗಿಸಿ ಕೊಡಲಿಯ ಕಾವನ್ನು ತಿರುವುತ್ತಿದ್ದ. ನನಗೆ ಎಲ್ಲಿಂದ ಸಿಟ್ಟು ಬಂತೋ ಗೊತ್ತಿಲ್ಲ. ಅವನ ಕೈಯಿಂದ ಕೊಡಲಿ ಕಿತ್ತುಕೊಂಡು, ಎರಡೂ ಕೈಯಲ್ಲಿ ಎತ್ತಿ ಮರಕ್ಕೆ ಬೀಸಿದೆ.

ಪೆಟ್ಟು ಓರೆಯಾಗಿ ಬಿತ್ತು. ಫೈಲು ಕಟ್ಟುವ ಕೈ, ಅಷ್ಟೇ ಬಲ. ಮರಕ್ಕೆ ಹೆಚ್ಚೇನೂ ಆಗಲಿಲ್ಲ, ಆದರೆ ಕೆಮ್ಮಣ್ಣಿನ ಹಕ್ಕಳೆಯೊಂದು ಕಳಚಿ ಬಿತ್ತು. ಅದರ ಹಿಂದೆ ಹೆಬ್ಬೆರಳಿನಷ್ಟು ದಪ್ಪದ ಒಂದು ಮೋಟು ತೊಟ್ಟು. ತುದಿ ಕುಡುಗೋಲಿನಲ್ಲಿ ಕೊಯ್ದ ಹಾಗೆ ನುಣ್ಣಗಿತ್ತು. ಅಲ್ಲಿಂದ ಜಾರಿದ ಬಿಳಿ ಹಾಲು ಒಣಗಿ ಮೇಣವಾಗಿತ್ತು.

"ಏನಿದು?"

"ಗಂಟು," ಎಂದ ಅಣ್ಣ. "ಮರದ್ ಗಂಟು."

ನಾನೂ ಇದೇ ಹಿತ್ತಿಲಿನಲ್ಲಿ ಬೆಳೆದವಳು. ಹಲಸಿನ ಕಾಯಿಯ ತೊಟ್ಟು ಯಾವುದು, ಗಂಟು ಯಾವುದು ಎಂದು ನನಗೆ ಹೇಳಿಕೊಡಬೇಕಾಗಿರಲಿಲ್ಲ. ಕೊಡಲಿ ಕೆಳಗಿಟ್ಟು ಉಗುರಿನಿಂದ ಮಣ್ಣು ಕೆರೆದೆ. ಒಂದು ಗೇಣು ಮೇಲೆ ಇನ್ನೊಂದು ಮೋಟು. ಆಚೆ ಬದಿಗೆ ಎರಡು. ಕೆಲವು ಹಸಿ, ಕೆಲವು ಹಳೆಯವು, ಕಪ್ಪಾಗಿ ತೊಗಟೆಯೊಳಗೆ ಮುಚ್ಚಿಕೊಳ್ಳುತ್ತಿದ್ದವು. ಕೆರೆದಲ್ಲೆಲ್ಲ ಸಿಕ್ಕವು. ನನ್ನ ಬೆರಳು ಅಂಟಾಗಿ ಒಂದಕ್ಕೊಂದು ಕಚ್ಚಿಕೊಂಡವು.

ಅತ್ತಿಗೆ ತಟ್ಟೆಯನ್ನು ಬಚ್ಚಲ ಕಲ್ಲಿನ ಮೇಲೆ ಇಟ್ಟಳು. "ಹೇಳ್ಬುಡಿ ಅತ್ಲಾಗೆ," ಎಂದಳು ಗಂಡನಿಗೆ. "ಇನ್ನೂ ಎಷ್ಟು ವರ್ಷ ನಾನು ಕದ್ದು ಪಲ್ಯ ಮಾಡ್ಲಿ? ಊರಿಗೆಲ್ಲ ಗೊತ್ತೈತೆ, ಇವರೊಬ್ಬರಿಗೇ ಗೊತ್ತಿಲ್ಲ."

ಅಣ್ಣ ಉದುರಿದ ಕೆಮ್ಮಣ್ಣನ್ನು ಕಾಲಿನಿಂದ ಬದಿಗೆ ತಳ್ಳುತ್ತಿದ್ದ. ಅವಳೇ ಹೇಳಿದಳು.

"ಗೌರಮ್ಮ, ಇದು ಬಂಜೆ ಅಲ್ಲ ಕಣ್ರವ್ವ. ಏಳು ವರ್ಷದಿಂದ ಬುಡ್ತಾ ಐತೆ. ನಮ್ಮ ಬಾಗಿನ ವಾಪಸ್ ಬಂತಲ್ಲ, ಅದಾಗಿ ನಾಕೈದು ತಿಂಗಳಿಗೆ ಮೊದಲ್ನೇ ಕಾಯಿ ಬುಡ್ತು. ಬೆಳಗೆದ್ದು ನಿಮ್ಮಣ್ಣ ಕುಣಿದಾಡ್ತಿದ್ರು, ಗೌರಿಗೆ ತಗೊಂಡೋಗಿ ಕೊಡ್ತೀನಿ ಅಂತ. ಸಂಜೆಗೆ ಏನ್ ಹೊಳೀತೋ, ಕುಡುಗೋಲು ತಗೊಂಡೋಗಿ ಎಲ್ಲಾ ಕೊಯ್ದು ಹಾಕಿದ್ರು. ಅವತ್ತಿಂದ ವರ್ಷವರ್ಷವೂ ಇದೇ ಕತೆ. ಕಾಯಿ ಎಳೇದಿದ್ದಾಗ್ಲೇ ಕೊಯ್ಯೋದು, ನೀವು ಬರೋ ಹಿಂದಿನ್ ದಿನ ಕೆಮ್ಮಣ್ಣು ಮೆತ್ತೋದು."

"ಯಾಕೆ?" ಎಂದೆ. ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಆದರೂ ಅವನ ಬಾಯಿಂದ ಕೇಳಬೇಕಿತ್ತು.

ಅಣ್ಣ ಮರಕ್ಕೆ ಒರಗಿದ. "ಹಣ್ಣಾದ್ರೆ ಹೊಣೆ ತೀರ್ತಿತ್ತು," ಎಂದ. "ಹೊಣೆ ತೀರಿದ್ ಮೇಲೆ ನಿನ್ನ ಯಾವ ನೆಪದ ಮೇಲೆ ಕರೀಲವ್ವ? ಹಬ್ಬಕ್ಕೆ ಕಳ್ಸಾಕಿಲ್ಲ, ಬಾಗಿನ ಮುಟ್ಟಾಕಿಲ್ಲ. ಇದೊಂದೇ ಉಳಿದಿತ್ತು."

ಕಣ್ಣೀರು ಬರಬೇಕಿತ್ತು. ಬಂದಿದ್ದು ಸಿಟ್ಟು. "ನೀನು ತುಮಕೂರಿಗೆ ಬಂದು ನಮ್ಮನೆ ಬಾಗಿಲಲ್ಲಿ ನಿಂತು, ತಪ್ಪಾಯ್ತು ಭಾವ ಅಂದಿದ್ರೆ ಮುಗೀತಿತ್ತು. ಅದು ಬಿಟ್ಟು ಏಳು ವರ್ಷ ಮರದ ಕಾಯಿ ಕೊಯ್ದೆಯಾ? ಕೊಯ್ದು, ನನ್ನ ಕೈಲೇ ಬಂಜೆ ಅನ್ನಿಸಿದೆಯಾ?"

"ಬಂದಿದ್ದೆ. ಎರಡು ಸಲ. ನಿಮ್ಮ ಬೀದಿ ತುದಿಯ ಹೊಂಗೆ ಮರದ ತಾವ ನಿಂತು ವಾಪಸ್ ಬಂದೆ. ಒಳಗೆ ಬಾ ಅನ್ನದೆ ಹೋದ್ರೆ ನೀನು ನೋಡ್ತೀಯಲ್ಲ ಅಂತ."

ಆ ಹೊಂಗೆ ಮರದ ಕೆಳಗೆ ನಾನು ದಿನಾ ಸಿಟಿ ಬಸ್ಸಿಗೆ ಕಾಯುತ್ತೇನೆ. ಈ ಎರಡು ಸಲದಲ್ಲಿ ಒಂದು ಸಲವಾದರೂ ನಾನು ಅಲ್ಲಿರಬಾರದಿತ್ತೇ ಎನ್ನಿಸಿತು.

"ಈ ಸಲ ಎರಡು ಉಳಿದವೆ," ಎಂದಳು ಅತ್ತಿಗೆ. "ಮಂಡಿ ನೋವು, ಮೇಲೆ ಹತ್ತಾಕಾಗ್ಲಿಲ್ಲ ಇವ್ರಿಗೆ. ಅಲ್ಲಿ, ಕವಲಿನ ಹಿಂದೆ ನೋಡಿ."

ತಲೆ ಎತ್ತಿ ನೋಡಿದೆ. ದಟ್ಟ ಎಲೆಗಳ ನಡುವೆ ದೊಡ್ಡ ಕವಲಿಗೆ ಅಂಟಿಕೊಂಡು ಎರಡು ಎಳೆಗಾಯಿಗಳಿದ್ದವು, ಮುಳ್ಳು ಇನ್ನೂ ಬಿರುಸಾಗದೆ ಹಸಿರಾಗಿ.

"ನಾನು ಇವನ್ನ ನೋಡ್ಬಿಟ್ಟಿದ್ರೆ?" ಎಂದು ಅಣ್ಣನನ್ನು ಕೇಳಿದೆ.

"ನೀನು ಯಾವತ್ತು ತಲೆ ಎತ್ತಿ ನೋಡಿದ್ದೀಯ?" ಎಂದ. "ಬರ್ತೀಯ, ವಾಚು ನೋಡ್ಕೊಂತೀಯ, ಹೋಗ್ತೀಯ."

ಹದಿಮೂರು ವರ್ಷ ಒಂದು ಮರಕ್ಕೆ ಹೊಣೆ ನಿಂತು, ಒಂದು ಸಲವೂ ಅದರ ಮೇಲೆ ಏನಿದೆ ಎಂದು ನೋಡಿರಲಿಲ್ಲ. ಬೆನ್ನು ಕೊಟ್ಟು ನಿಂತು, ಅದರ ಪರವಾಗಿ ಬೇಡಿಕೊಂಡು, ನಾಲ್ಕು ಗಂಟೆಯ ಬಸ್ಸು ಹಿಡಿದಿದ್ದೆ. ಮರ ನನ್ನ ಮಾತು ಉಳಿಸಿತ್ತು. ನಾನು ಮಾತು ಕೊಟ್ಟವರಲ್ಲಿ, ಸಾಹೇಬರು, ಗಂಡ, ಮಗ ಎಲ್ಲರನ್ನೂ ಸೇರಿಸಿ, ವರ್ಷ ತಪ್ಪದೆ ಮಾತು ಉಳಿಸಿದ್ದು ಇದೊಂದೇ. ಕೊಯ್ದಷ್ಟೂ ಮತ್ತೆ ಬಿಟ್ಟು, ಬಯ್ಯಿಸಿಕೊಂಡು, ಮತ್ತೆ ಬಿಟ್ಟು. ಅದನ್ನೇ ನಾನು ನನಗೆ ಸಾಕಾಯಿತೆಂದು ಕಡಿ ಎಂದಿದ್ದೆ, ಕೊಡಲಿಯನ್ನೂ ಎತ್ತಿದ್ದೆ. ನಾಚಿಕೆಯಾಯಿತು. ಓರೆಯಾಗಿ ಬಿದ್ದ ಪೆಟ್ಟಿನಿಂದ ಹಾಲು ಇಳಿಯುತ್ತಿತ್ತು. ಅಲ್ಲಿ ಸ್ವಲ್ಪ ಕೆಮ್ಮಣ್ಣು ಒತ್ತಿದೆ. ಮರಕ್ಕೆ ಅದರಿಂದ ಏನಾದರೂ ಆಯಿತೋ ಇಲ್ಲವೋ.

ಅತ್ತಿಗೆ ನನ್ನ ಕೈಗೆ ಹರಳೆಣ್ಣೆ ಹಚ್ಚಿ ಅಂಟು ಬಿಡಿಸಿದಳು. ಮಧ್ಯಾಹ್ನ ತಿಂದ ಪಲ್ಯ ಯಾವುದು ಎಂದು ಕೇಳಿದೆ. ಅವಳು ನಕ್ಕಳು. ಅದೂ ಇದರದ್ದೇ.

ಬಸ್ಸಿಗೆ ಬಿಡಲು ಅಣ್ಣ ಚೇಳೂರಿನವರೆಗೆ ಬಂದ. ಬಸ್ಸು ಹಾರ್ನ್ ಹೊಡೆದಾಗ ಕಿಟಕಿಯ ಹತ್ತಿರ ಬಂದು, "ಬುಟ್ಟಿಲ್ಲ ಅಂತ್ಲೇ ಹೇಳವ್ವ ಮನೇಲಿ," ಎಂದ. "ಆ ಎರಡ್ನೂ ಯಾರ್ ಕೈಲಾದ್ರೂ ಇಳ್ಸಿಬುಡ್ತೀನಿ. ವರ್ಷಕ್ಕೊಂದ್ ದಿನವಾದ್ರೂ ಬಂದ್ಹಂಗಾಯ್ತದೆ."

"ಆ ಎರಡನ್ನು ಮುಟ್ಟಬೇಡ," ಎಂದೆ. ಬಸ್ಸು ಹೊರಟಿತು. ಅವನಿಗೆ ಕೇಳಿಸಿತೋ ಇಲ್ಲವೋ, ಕೈ ಎತ್ತಿ ನಿಂತಿದ್ದ.

ಗುಬ್ಬಿ ದಾಟುವವರೆಗೆ ಎರಡೂ ಕಡೆ ತೂಗಿ ನೋಡಿದೆ. ಬಿಟ್ಟಿಲ್ಲ ಎಂದರೆ ವರ್ಷಕ್ಕೊಂದು ದಿನ ತವರು ನನ್ನದಾಗಿರುತ್ತದೆ, ಯಾರಿಗೂ ತೊಂದರೆ ಇಲ್ಲ. ಬಿಟ್ಟಿದೆ ಎಂದರೆ ಆ ಒಂದು ದಿನವೂ ಇಲ್ಲ. ಗಣಿತದ ಮೇಷ್ಟ್ರ ಹೆಂಡತಿಗೆ ಇದು ಕಷ್ಟದ ಲೆಕ್ಕವಲ್ಲ. ಕಿಟಕಿಯಾಚೆ ಹುಣಸೆ, ಬೇವು, ಜಾಲಿ ಹಿಂದಕ್ಕೆ ಹೋಗುತ್ತಿದ್ದವು. ಇಷ್ಟು ವರ್ಷ ಇದೇ ರಸ್ತೆಯಲ್ಲಿ ಓಡಾಡಿದರೂ ಯಾವ ಮರ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಈಗ ಒಂದೊಂದನ್ನೂ ಬುಡದಿಂದ ತುದಿಯವರೆಗೆ ನೋಡಿದೆ. ಕತ್ತು ನೋವು ಬಂತು.

ತುಮಕೂರು ತಲುಪುವಾಗ ಆರೂವರೆ. ಮನೆಯಲ್ಲಿ ಗಂಡ ಹಜಾರದಲ್ಲಿ ಪೇಪರ್ ಓದುತ್ತಿದ್ದರು. ತಿಮ್ಮೇಶ್ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದ, ಓದುತ್ತಿರಲಿಲ್ಲ. ನಾನು ಚಪ್ಪಲಿ ಬಿಟ್ಟು ಗೋಡೆಗೊರಗಿ ಕೂತೆ.

"ಏನಾಯ್ತು ಮರ?" ಎಂದರು ಪೇಪರಿನ ಹಿಂದಿನಿಂದ.

ಬಿಟ್ಟಿಲ್ಲ ಎನ್ನುವುದಕ್ಕೆ ಬಾಯಿ ತೆರೆದೆ. ಆ ಮಾತು ಬರಲಿಲ್ಲ. ಮರದ ಮುಂದೆ ನಿಂತು ಏಳು ವರ್ಷ ಅದು ಬಿಟ್ಟಿಲ್ಲ ಎಂದೇ ಮಾತಾಡಿದ್ದೇನೆ, ಇನ್ನೊಂದು ಸಲ, ಅದೂ ತಿಳಿದು ತಿಳಿದು, ನನ್ನ ಕೈಲಾಗಲಿಲ್ಲ.

"ಬಿಟ್ಟಿದೆ," ಎಂದೆ.

ಅವರು ಪೇಪರ್ ಕೆಳಗಿಳಿಸಿದರು. "ಹೌದಾ? ಸದ್ಯ. ಹಾಗಾದ್ರೆ ಹೊಣೆ ತೀರ್ತು. ಇನ್ನು ಆ ಮನೆ ಕಡೆ ಹೋಗೋ ಕೆಲಸ ಇಲ್ಲ."

"ಇದೆ. ಜೂನ್‌ನಲ್ಲಿ ಹಣ್ಣಾಗುತ್ತೆ. ಹೋಗ್ತೀನಿ. ಗೌರಿ ಹಬ್ಬಕ್ಕೂ ಹೋಗ್ತೀನಿ."

"ಯಾರನ್ನ ಕೇಳಿ?"

ಬೇರೆ ದಿನವಾಗಿದ್ದರೆ ಅವರಿಗೆ ಸಮಾಧಾನ ಹೇಳುತ್ತಿದ್ದೆ, ಅಣ್ಣನ ಪರವಾಗಿ ಏನಾದರೂ ಮಾತು ಕೊಡುತ್ತಿದ್ದೆ, ಮುಂದೆ ಹೀಗಾಗುವುದಿಲ್ಲ ಎನ್ನುತ್ತಿದ್ದೆ. ಅವತ್ತು ಯಾರ ಪರವಾಗಿಯೂ ಏನೂ ಹೇಳಲು ನನ್ನಲ್ಲಿ ತ್ರಾಣ ಇರಲಿಲ್ಲ. ಜಗಳಕ್ಕೂ ತ್ರಾಣ ಬೇಕು. ಸುಮ್ಮನೆ ಅವರನ್ನೇ ನೋಡುತ್ತಾ ಕೂತೆ. ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಅವರ ಪ್ರಶ್ನೆಗೆ ಉತ್ತರ ಕೊಡದೆ ಕೂತಿದ್ದು ಅದೇ ಮೊದಲು. ಅವರು ಎರಡು ಸಲ ಗಂಟಲು ಸರಿಮಾಡಿಕೊಂಡರು. ಪೇಪರ್ ಮಡಿಸಿದರು. ಮತ್ತೆ ಬಿಚ್ಚಿದರು. ತುಂಬ ಹೊತ್ತಿನ ಮೇಲೆ, ಮುಖ ಪೇಪರಿನಲ್ಲೇ ಇಟ್ಟುಕೊಂಡು, "ಹಣ್ಣು ಎಂಥದ್ದು? ಗಟ್ಟಿ ತೊಳೆಯ ಬಕ್ಕೆಯೋ, ಮೆತ್ತಗಿನ ಅಂಬಲಿಯೋ?" ಎಂದು ಕೇಳಿದರು.

"ಗೊತ್ತಿಲ್ಲ," ಎಂದೆ. "ಇಲ್ಲೀತನಕ ಅದನ್ನ ಯಾರೂ ಹಣ್ಣಾಗೋಕೆ ಬಿಟ್ಟಿಲ್ಲ."